ಶೇಂಗಾ ಟೀಮಿನ ಕೊನೆಯ ಎರಡು ನಿಮಿಷ

ಅವತ್ತು ಮಂಗಳವಾರ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ನಾಲ್ಕು ಕೊಡ ತುಂಬುವಷ್ಟರಲ್ಲಿ ನಿಂತಿತು. ಮಧ್ಯಾಹ್ನ ಪಕ್ಕದ ಮನೆಯವರ ಬೆಕ್ಕು ಬಂದು ನಮ್ಮ ಹಾಲು ಕುಡಿದು ಹೋಯಿತು. ಸಂಜೆ ಐದೂವರೆಗೆ ನಮ್ಮ ಮನೆಯವರು ಎಣ್ಣೆ ಗಿರಣಿಯಿಂದ ಬಂದು, ಕೈಕಾಲು ತೊಳೆದು, ಪಡಸಾಲೆಯ ಗೋಡೆಗೆ ಒರಗಿ ಕುಳಿತರು. ನಾನು ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟೆ. ಪಕ್ಕದಲ್ಲಿ ಕರಿದ ಮೆಣಸಿನಕಾಯಿ.

ಅವರು ತಿನ್ನಲಿಲ್ಲ. ಮಂಡಕ್ಕಿಯನ್ನೆಲ್ಲ ಬೆರಳಿನಿಂದ ತಟ್ಟೆಯ ಬಲಗಡೆಗೆ ತಳ್ಳಿದರು. ಎಡಗಡೆ ಖಾಲಿಯಾಯಿತು. ಆ ಖಾಲಿ ಜಾಗದಲ್ಲಿ ಐದು ಶೇಂಗಾ ಬೀಜ ಆರಿಸಿ ಇಟ್ಟರು. ಅವುಗಳ ಎದುರಿಗೆ ಮೆಣಸಿನಕಾಯಿ ನಿಲ್ಲಿಸಿದರು.

"ನೋಡು ಶಾರದಾ, ಇವನು ಓಬಳೇಶ" ಎಂದರು.

"ಗೊತ್ತೈತೆ ಬಿಡ್ರಿ. ಕೊನೆಗೆ ಓಬಳೇಶ ಗೋಲ್ ಹಾಕ್ದ. ತಿನ್ರಿ, ಮೆತ್ತಗಾಗ್ತೈತೆ."

"ಗೋಲ್ ಅಲ್ಲ. ಬಾಸ್ಕೆಟ್."

ಏಳು ವರ್ಷದಿಂದ ಈ ಒಂದು ತಪ್ಪನ್ನು ಅವರು ತಿದ್ದುತ್ತಿದ್ದರು, ನಾನು ಬೇಕೆಂದೇ ಮಾಡುತ್ತಿದ್ದೆ. ಅವರು ನಕ್ಕು ಮೊದಲು ಓಬಳೇಶನನ್ನು ತಿಂದರು, ಆಮೇಲೆ ಉಳಿದ ನಾಲ್ವರನ್ನು. ಮೆಣಸಿನಕಾಯಿಯನ್ನು ಹಾಗೆಯೇ ಬಿಟ್ಟರು. ಎದುರಾಳಿ ಟೀಮಿನ ಮೇಲೆ ಅವರಿಗೆ ಅಷ್ಟು ಮರ್ಯಾದೆ.

ಮರುದಿನ ಬೆಳಿಗ್ಗೆ ಗಿರಣಿಯಲ್ಲಿ, ಚೀಲ ಎಣಿಸುತ್ತಾ ನಿಂತವರು ಹಾಗೆಯೇ ಕುಸಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಬಾಸ್ಕೆಟ್‌ಬಾಲ್ ಬಗ್ಗೆ ಬರೆಯುತ್ತೇನೆ. ಅದೂ ಬರುವುದಿಲ್ಲ, ಆದರೆ ತಪ್ಪಾದರೆ ತಿದ್ದಲು ಊರಲ್ಲಿ ಜನ ಇದ್ದಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಚಳ್ಳಕೆರೆಯಲ್ಲಿ ಒಂದಿಷ್ಟು ಜನ ಈಗಲೂ ಸೇರಿದಲ್ಲೆಲ್ಲ ಮಾತಾಡುವ ಆಟ ಒಂದಿದೆ. ನಾನು ಆ ಆಟಕ್ಕೆ ಹೋಗಿದ್ದೆ. ಆದರೆ ಕೊನೆಯ ಎರಡು ನಿಮಿಷ ನೋಡಲಿಲ್ಲ. ಎಲ್ಲರಿಗೂ ಇಷ್ಟವಾದದ್ದು ಆ ಎರಡು ನಿಮಿಷವೇ. ಅಲ್ಲಿ ಏನಾಯಿತೆಂದು ಹೇಳುವ ಕೆಲಸವನ್ನು ನಮ್ಮ ಮನೆಯವರು ವಹಿಸಿಕೊಂಡಿದ್ದರು, ಅದನ್ನು ಅರ್ಧಕ್ಕೆ ತಡೆಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ಈಗ ಆ ಎರಡು ನಿಮಿಷ ನನಗೆ ಪೂರ್ತಿ ಬೇಕಾಗಿದೆ.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದವಳು. ಮದುವೆಯಾಗಿ ಚಳ್ಳಕೆರೆಗೆ ಬಂದ ಹೊಸತರಲ್ಲಿ ಊರು ತೋರಿಸುತ್ತೇನೆಂದು ನಮ್ಮ ಮನೆಯವರು ಹೊರಡಿಸಿದರು. ಅವರ ಪ್ರಕಾರ ಊರೆಂದರೆ ಎಣ್ಣೆ ಗಿರಣಿಗಳು. ಒಂದು ಗಿರಣಿ, ಅದರ ಪಕ್ಕದಲ್ಲಿ ಇನ್ನೊಂದು, ಅದರ ಎದುರಿಗೆ ಮತ್ತೊಂದು. ಹೊಸ ಸೀರೆಗೆಲ್ಲ ಹಿಂಡಿಯ ವಾಸನೆ ಹಿಡಿಯಿತು. ಕೊನೆಗೆ ತಾವು ಕೆಲಸ ಮಾಡುವ ಗಿರಣಿಯ ಹಿಂದುಗಡೆಗೆ ಕರೆದೊಯ್ದರು. ಅಲ್ಲಿ ಕಾಲೇಜಿನ ಅಂಗಳ. ಸಿಮೆಂಟಿನ ನೆಲ, ಎರಡು ತುದಿಗೆ ಎರಡು ಕಂಬ, ಕಂಬದ ಮೇಲೆ ಹಲಗೆ, ಹಲಗೆಗೆ ಒಂದು ಕಬ್ಬಿಣದ ಬಳೆ. ಒಂದು ಕಂಬಕ್ಕೆ ಯಾರದೋ ಮೇಕೆ ಕಟ್ಟಿತ್ತು.

"ಇದೇನ್ರಿ?"

"ಬಾಸ್ಕೆಟ್‌ಬಾಲ್. ಆ ಬಳೆಯೊಳಗೆ ಚೆಂಡು ಹಾಕ್ಬೇಕು."

"ಹಾಕಿದ್ಮೇಲೆ?"

"ಕೆಳಗೆ ಬೀಳ್ತೈತೆ."

"ಆಮೇಲೆ?"

"ಮತ್ತೆ ಹಾಕ್ಬೇಕು."

ನಮ್ಮಪ್ಪ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಒಂದು ಎಳೆ ಹಾಕಿದರೆ ಅದು ಹಾಕಿದಲ್ಲೇ ಉಳಿಯುತ್ತಿತ್ತು. ಸಂಜೆಗೆ ಗೇಣುದ್ದ ರೇಷ್ಮೆ ಸೀರೆ ಕಣ್ಣಿಗೆ ಕಾಣುತ್ತಿತ್ತು. ಹಾಕಿದ್ದು ಬಿದ್ದುಹೋಗುವ ಈ ಕೆಲಸವನ್ನು ಓದಿದ ಹುಡುಗರು ಏಕೆ ಮಾಡುತ್ತಾರೆಂದು ನನಗೆ ಹೊಳೆಯಲಿಲ್ಲ. ನನ್ನ ಗಂಡನ ಮುಖ ನೋಡಿದೆ. ಅವರು ಆ ಖಾಲಿ ಬಳೆಯನ್ನು ದೇವಸ್ಥಾನದ ಗೋಪುರ ನೋಡುವವರ ಹಾಗೆ ನೋಡುತ್ತಿದ್ದರು.

ಅವರು ಆ ಕಾಲೇಜಿನಲ್ಲಿ ಓದಿದವರಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಗಿರಣಿಗೆ ಸೇರಿದವರು. ಅವರ ಹುಡುಗಾಟದ ವಯಸ್ಸಿನಲ್ಲಿ ಕಾಲೇಜಿಗೆ ಒಳ್ಳೆಯ ಟೀಮು ಇತ್ತಂತೆ. ಗಿರಣಿಯ ಗೋಡೆ ಹತ್ತಿ ಕುಳಿತು ನೋಡುತ್ತಿದ್ದರಂತೆ. ಆಮೇಲೆ ಆಡುವವರು ಓದು ಮುಗಿಸಿ ಹೋದರು, ಹೊಸಬರು ಬರಲಿಲ್ಲ, ಬಲೆ ಹರಿಯಿತು, ಮೇಕೆ ಬಂತು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರು ಇಲ್ಲದ ಟೀಮೊಂದರ ಅಭಿಮಾನಿಯಾಗಿದ್ದರು. ಅಂಥವರು ಊರಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಕಾಲೇಜಿನ ಗೇಟಿನ ಎದುರಿಗೆ ಚಹಾದಂಗಡಿ ಇಟ್ಟ ಚನ್ನಬಸಣ್ಣ. ಇನ್ನೊಬ್ಬರು ಅವರ ಪಕ್ಕದಲ್ಲೇ ಸೈಕಲ್ ರಿಪೇರಿ ಮಾಡುವ ಬಾಷಾ ಭಾಯಿ. ಮೂವರೂ ಸೇರಿ ಹಳೆಯ ಆಟಗಳನ್ನು ಮಾತಿನಲ್ಲೇ ಆಡುತ್ತಿದ್ದರು.

ಆ ಸಿಮೆಂಟಿನ ನೆಲಕ್ಕೆ ಕೆಲಸವಿಲ್ಲದೆ ಇರಲಿಲ್ಲ. ಶೇಂಗಾ ಸುಗ್ಗಿಯಲ್ಲಿ ಗಿರಣಿಯವರು ಕಾಲೇಜಿನವರನ್ನು ಕೇಳಿಕೊಂಡು ಅಲ್ಲಿ ಕಾಯಿ ಒಣಗಿಸುತ್ತಿದ್ದರು. ಆಟವಿಲ್ಲದ ಅಂಗಳ, ಬೇಡವೆನ್ನಲು ಅವರಿಗೂ ಕಾರಣವಿರಲಿಲ್ಲ. ಒಣಗಿಸುವ ಉಸ್ತುವಾರಿ ನಮ್ಮ ಮನೆಯವರದು. ಬೆಳಿಗ್ಗೆ ಹರವುವುದು, ಮಧ್ಯಾಹ್ನ ತಿರುವುವುದು, ಸಂಜೆ ರಾಶಿ ಮಾಡಿ ಮುಚ್ಚುವುದು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವರು. ಒಳಗೆ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ. ಮನೆಯಲ್ಲೂ ಈ ಚಾಳಿ ಬಿಡಲಿಲ್ಲ. ಗಡಿಯಾರ ನಿಂತರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಮ್ಮೆ ತೆಂಗಿನಕಾಯಿಗೆ ಹೀಗೆ ಮಾಡಿ, ಅಂಗಡಿಯವನಿಂದ ಭೇಷ್ ಎನ್ನಿಸಿಕೊಂಡರು.

ತೊಂಬತ್ತರ ದಶಕದ ನಡುವಿನ ಒಂದು ಸುಗ್ಗಿಯಲ್ಲಿ ಐದು ಜನ ಹುಡುಗರು ಒಂದು ಚೆಂಡು ಹಿಡಿದುಕೊಂಡು ಬಂದು ಅಂಗಳದ ಅಂಚಿಗೆ ನಿಂತರಂತೆ. ನನ್ನಿವಾಳದವರು ಇಬ್ಬರು, ಊರಿನವರು ಇಬ್ಬರು, ದೊಡ್ಡಉಳ್ಳಾರ್ತಿಯ ಓಬಳೇಶ ಒಬ್ಬ. ಐವರಲ್ಲಿ ಮೂವರ ಹೆಸರು ತಿಪ್ಪೇಸ್ವಾಮಿ. ನಮ್ಮ ಕಡೆ ಅದು ಹೆಚ್ಚೇನಲ್ಲ. ಆಟದಲ್ಲಿ ಮಾತ್ರ ತೊಂದರೆಯಾಯಿತು. "ತಿಪ್ಪೇಸ್ವಾಮಿ, ಇತ್ಲಾಗೆ ಕೊಡಲೇ" ಎಂದರೆ ಚೆಂಡು ಹಿಡಿದವನೂ ತಿರುಗುವನು, ಹಿಡಿಯದವರೂ ತಿರುಗುವರು. ಒಮ್ಮೆ ಎದುರಾಳಿ ಟೀಮಿನವನೊಬ್ಬ ನಿಷ್ಠೆಯಿಂದ ನಮ್ಮವರಿಗೇ ಚೆಂಡು ಕೊಟ್ಟನಂತೆ. ಅವನೂ ತಿಪ್ಪೇಸ್ವಾಮಿ.

ಹುಡುಗರು ನಿಂತರು. ಅಂಗಳದ ತುಂಬ ಶೇಂಗಾ. ಕಾಯಿ ಮೇಲೆ ಕಾಲಿಡಬಾರದೆಂದು ಗಿರಣಿಯ ಸಾವ್ಕಾರರ ಅಪ್ಪಣೆ. ನಮ್ಮ ಮನೆಯವರು ಆಕಾಶ ನೋಡಿದರು, ನೆಲ ನೋಡಿದರು. ಒಂದು ಕಂಬದ ಎಡಗಡೆಗೆ ಗಿರಣಿಯ ಗೋಡೆಯ ನೆರಳು ಬೀಳುತ್ತಿತ್ತು.

"ನೆರಳಾಗೆ ಕಾಯಿ ಒಣಗಲ್ಲ. ಅಷ್ಟು ಜಾಗ ಬಿಟ್ಟುಕೊಡ್ತೀನಿ, ಆಡ್ಕಳ್ರಿ" ಎಂದರಂತೆ. "ಆದ್ರೆ ಬಲಗಡೆ ಕಾಯಿ ಒಳಗೆ ಚೆಂಡು ಬಿತ್ತು ಅಂದ್ರೆ, ಕೆಡವಿದವನು ಸಂಜೆ ನನ್ ಜತೆ ರಾಶಿ ಮಾಡ್ಬೇಕು."

ಹೀಗೆ ಎದ್ದು ನಿಂತಿತು ನಮ್ಮ ಕಾಲೇಜಿನ ಟೀಮು. ಒಂದು ಕಂಬ, ಅದರಲ್ಲೂ ಎಡಗಡೆಯಷ್ಟೇ. ಐದು ಜನ ಒಂದು ಎತ್ತಿನಗಾಡಿಯಷ್ಟು ಅಗಲದ ಜಾಗದಲ್ಲಿ ಓಡಬೇಕು, ಚೆಂಡು ಕೊಡಬೇಕು, ತಿರುಗಬೇಕು. ಕಾಯಿಗೆ ಬಿದ್ದ ಚೆಂಡನ್ನು ತರಲು ಬರಿಗಾಲಲ್ಲಿ, ತುದಿಗಾಲಲ್ಲಿ, ಕೊಕ್ಕರೆಯ ಹಾಗೆ ಹೋಗಬೇಕು. ಚೆಂಡಾದರೂ ಎಂಥದು. ಮೂರು ಕಡೆ ಪಂಕ್ಚರ್. ಬಾಷಾ ಭಾಯಿ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದರು. ತೇಪೆಯ ಮೇಲೆ ಬಿದ್ದರೆ ಅದು ನೆಟ್ಟಗೆ ಪುಟಿಯದೆ ಬಲಕ್ಕೆ ಎಗರುವುದು, ಅಂದರೆ ಶೇಂಗಾಕ್ಕೆ. ಹಾಗಾಗಿ ಹುಡುಗರು ಚೆಂಡನ್ನು ನೆಲಕ್ಕೆ ಬಿಡುವುದನ್ನೇ ಕಡಿಮೆ ಮಾಡಿದರು. ಕೈಯಿಂದ ಕೈಗೆ ಕೊಡುವುದನ್ನು ಕಲಿತರು.

ನಾನು ಮಧ್ಯಾಹ್ನದ ಬುತ್ತಿ ಕೊಡಲು ಹೋದಾಗ ನಿಂತು ನೋಡುತ್ತಿದ್ದೆ. ಕೊಡುವವನು ತೆಗೆದುಕೊಳ್ಳುವವನ ಕಡೆ ನೋಡುತ್ತಲೇ ಇರಲಿಲ್ಲ. ಅದರ ಗುರುತು ನನಗೆ ಸಿಕ್ಕಿತು. ನಮ್ಮ ಮನೆಯಲ್ಲಿ ಅಪ್ಪ ಮಗ್ಗದ ಈ ಬದಿಯಿಂದ ಲಾಳಿ ಎಸೆದರೆ ಅವ್ವ ಆ ಬದಿಯಲ್ಲಿ ಹಿಡಿದು ತಿರುಗಿ ಎಸೆಯುತ್ತಿದ್ದಳು. ಇಬ್ಬರೂ ಮುಖ ನೋಡಿಕೊಳ್ಳುತ್ತಿರಲಿಲ್ಲ, ಅದರಲ್ಲೂ ಜಗಳವಾಡಿದ ದಿನ. ಸೀರೆ ಮಾತ್ರ ಸರಿಯಾಗಿ ಬರುತ್ತಿತ್ತು. ಇದನ್ನು ನಮ್ಮ ಮನೆಯವರಿಗೆ ಹೇಳಿದೆ. ಅವರು ಹುಡುಗರಿಗೆ ಹೇಳಿದರು. ಹುಡುಗರು ಅಂದಿನಿಂದ ನನ್ನನ್ನು ಕಂಡರೆ, "ಅಕ್ಕ, ಇವತ್ತು ಅಂಚು ಸರಿ ಬಂತಾ?" ಎಂದು ಕೇಳತೊಡಗಿದರು. ನಾನು ತರಬೇತಿ ಕೊಟ್ಟವಳೆಂಬ ಜಂಬ ನನಗೆ ಸುಮಾರು ಒಂದು ತಿಂಗಳು ಇತ್ತು.

ಚನ್ನಬಸಣ್ಣನವರಿಗೆ ತೀರಾ ಇಷ್ಟದ ಆಟವೆಂದರೆ ಊರಲ್ಲೇ ನಡೆದ ಮೊದಲನೆಯದು. ಪಕ್ಕದ ತಾಲ್ಲೂಕಿನ ಕಾಲೇಜಿನವರು ಆಡಲು ಬಂದರು. ಅಂಗಳ ತೆರವು ಮಾಡಬೇಕೆಂದು ಮಾತಾಗಿತ್ತು. ಹಿಂದಿನ ದಿನ ಗಿರಣಿಗೆ ಎರಡು ಲಾರಿ ಹಸಿ ಕಾಯಿ ಬಂದುಬಿಟ್ಟಿತು. ಹಸಿ ಕಾಯಿಯನ್ನು ರಾಶಿ ಬಿಟ್ಟರೆ ಬೂಜು ಹಿಡಿಯುತ್ತದೆ. ನಮ್ಮ ಮನೆಯವರು ಏನು ಮಾಡಿಯಾರು, ಹರವಿದರು. ಬಂದವರು ನೋಡಿ ಗಾಬರಿಯಾದರು. ಅಷ್ಟು ದೂರ ಬಂದು ಆಡದೆ ಹೋಗುವುದು ಹೇಗೆ ಎಂದು ಕೊನೆಗೆ ಒಪ್ಪಿ, ಒಂದೇ ಕಂಬಕ್ಕೆ ಎರಡು ಟೀಮೂ ಸರದಿಯ ಮೇಲೆ ಆಡಿದವು. ಅವರು ಬಲಕ್ಕೆ ಹೋಗಿ ಕಾಯಿ ಮೇಲೆ ಜಾರಿ ಬಿದ್ದರು. ನಮ್ಮವರು ಎಡಗಡೆಯಲ್ಲಿ ಸರಸರ ಹೋಗಿ ಹಾಕಿದರು. ಗೆದ್ದೆವು. ಗೆದ್ದೆವು ಎಂದು ನಾವು ಹೇಳಿದೆವು. ಬಂದವರ ಮೇಷ್ಟ್ರು ಬಟ್ಟೆ ಕೊಡವಿಕೊಳ್ಳುತ್ತಾ, "ಇದು ಆಟದ ಅಂಗಳವಲ್ಲ, ಕಣ. ನೀವು ಶೇಂಗಾ ಟೀಮು" ಎಂದರು.

ಹೆಸರು ಅಂಟಿಕೊಂಡಿತು. ಹುಡುಗರಿಗೆ ಅವಮಾನವಾಯಿತು. ನಮ್ಮ ಮನೆಯವರಿಗೆ ಅದಕ್ಕಿಂತ ಹೆಚ್ಚಾಯಿತು.

"ನಾನೇ ಹಾಳು ಮಾಡ್ದೆ ಕಣೆ" ಎಂದರು ಅವತ್ತು ಊಟಕ್ಕೆ ಕುಳಿತಾಗ.

"ಏನ್ ಮಾಡಿದ್ರಿ?"

"ಬಲಗಡೆ ಅನ್ನೋದೇ ಇಲ್ದಂಗೆ ಮಾಡ್ಬಿಟ್ಟೆ ಆ ಹುಡುಗ್ರಿಗೆ."

ಮೊಳಕಾಲ್ಮೂರಿನಲ್ಲಿ ನಾಲ್ಕು ಕಾಲೇಜುಗಳ ಪಂದ್ಯ ಎಂದು ಗೊತ್ತಾದ ಮೇಲೆ ಅವರು ಸಾವ್ಕಾರರನ್ನು ಬೇಡಿಕೊಂಡು ಒಂದು ವಾರ ಅಂಗಳವನ್ನು ಪೂರ್ತಿ ತೆರವು ಮಾಡಿಸಿದರು. ಒಂದು ಕಾಯಿ ಸಿಕ್ಕದ ಹಾಗೆ ಗುಡಿಸಿದರು. "ಈಗ ಎಲ್ಲಾ ಕಡೆ ಓಡ್ರಪ್ಪ" ಎಂದರು. ಹುಡುಗರು ಹೂಂ ಎಂದರು. ಓಡಿದರು, ಎಡಗಡೆಯಲ್ಲಿ. ಬಲಗಡೆಗೆ ಹೋಗಲು ಹೇಳಿದರೆ ಗೆರೆ ಎಳೆದ ಹಾಗೆ ನಡುವೆ ನಿಲ್ಲುವರು. ಓಬಳೇಶನಂತೂ ಖಾಲಿ ಸಿಮೆಂಟಿನ ಮೇಲೆ ತುದಿಗಾಲು ಹಾಕಿದನಂತೆ. ಚನ್ನಬಸಣ್ಣ ಬಿದ್ದು ಬಿದ್ದು ನಕ್ಕರಂತೆ. ನಮ್ಮ ಮನೆಯವರು ನಗಲಿಲ್ಲ. ಆ ವಾರ ಮನೆಯಲ್ಲಿ ಅವರಿಗೆ ಮುದ್ದೆ ಸೇರಲಿಲ್ಲ.

ಪಂದ್ಯದ ದಿನ ಗಿರಣಿಯ ಲಾರಿ ರಾಯದುರ್ಗಕ್ಕೆ ಶೇಂಗಾ ತರಲು ಹೊರಟಿತ್ತು. ಅದರಲ್ಲಿ ನಮ್ಮನ್ನೆಲ್ಲ ಮೊಳಕಾಲ್ಮೂರಿನಲ್ಲಿ ಇಳಿಸಿ, ಲೋಡು ಮಾಡಿಕೊಂಡು ಬರುವಾಗ ನಾಲ್ಕು ಗಂಟೆಗೆ ಹತ್ತಿಸಿಕೊಳ್ಳುವುದೆಂದು ಏರ್ಪಾಡು. ತವರೂರಲ್ಲವೇ, ನಾನೂ ಹೊರಟೆ. ಡ್ರೈವರ್ ಹನುಮಂತಪ್ಪ ನನ್ನನ್ನು ಮುಂದೆ ಕೂರಿಸಿಕೊಂಡ. ಹಿಂದೆ ಖಾಲಿ ಚೀಲಗಳ ಮೇಲೆ ಟೀಮು, ಬಾಷಾ ಭಾಯಿ, ಅವರ ಪಂಪು, ಚನ್ನಬಸಣ್ಣ, ಅವರ ಚಹಾದ ಕ್ಯಾನು, ನಮ್ಮ ಮನೆಯವರು, ಅವರ ಪೊರಕೆ.

ಪೊರಕೆ ಏಕೆಂದು ನಾನು ಕೇಳಿದೆ. ಅಭ್ಯಾಸ ಎಂದರು. ಹೋದವರೇ ಮೊಳಕಾಲ್ಮೂರಿನ ಅಂಗಳವನ್ನು ಈ ತುದಿಯಿಂದ ಆ ತುದಿಗೆ ಗುಡಿಸಿದರು. ಅಲ್ಲಿಯ ಜನ ಅವರನ್ನು ಪಂಚಾಯ್ತಿಯ ಕೆಲಸದವರೆಂದು ತಿಳಿದು, ಪಕ್ಕದ ಚರಂಡಿಯ ಬಗ್ಗೆ ದೂರು ಹೇಳಿದರು. ನಾನು ಹೆಂಗಸರಿಗೆಂದು ಹಾಕಿದ್ದ ಒಂದೇ ಬೆಂಚಿನಲ್ಲಿ ಒಬ್ಬಳೇ ಕುಳಿತಿದ್ದೆ. ಯಾರೋ ಬಂದು, "ನಿಮ್ಮ ಕಡೆಯವರು ಯಾರಮ್ಮ ಆಡೋದು?" ಎಂದು ಕೇಳಿದರು. "ಆಡೋರಲ್ಲ. ಅಗೋ, ಗುಡಿಸ್ತಾ ಇದಾರಲ್ಲ" ಎಂದೆ. ಅವರು ಮರ್ಯಾದೆಯಿಂದ ದೂರ ಹೋದರು.

ನಮ್ಮಪ್ಪ ಮಗ್ಗದಿಂದೆದ್ದು ಬಂದು ನನ್ನ ಪಕ್ಕ ನಿಂತ. ನಮ್ಮೂರಲ್ಲಿ ಮಾತಿಗೆ ಅರ್ಧ ತೆಲುಗು ಬೆರೆಯುತ್ತದೆ. "ಏಮಮ್ಮಾ, ಅಳಿಯಂದಿರ ಆಟ ಯಾವಾಗ?" ಎಂದ. ಬೆಳಗಿನ ಆಟವನ್ನು ನಮ್ಮವರು ಗೆದ್ದರು. ಅಪ್ಪ ಎಲ್ಲವನ್ನೂ ಲಾಳಿಯ ಲೆಕ್ಕದಲ್ಲಿ ನೋಡಿದ. "ಆ ಉದ್ದನೆಯವನು ಚೆನ್ನಾಗಿ ಎಸೀತಾನೆ. ಈ ಗಿಡ್ಡನಿಗೆ ಆತುರ ಜಾಸ್ತಿ, ಎಳೆ ಕಿತ್ತಾಕ್ತಾನೆ." ಆಮೇಲೆ ಸ್ವಲ್ಪ ಹೊತ್ತು ನೋಡಿ, "ಅದ್ಸರಿ, ಇವರು ಒಂದೇ ಅಂಚು ಯಾಕೆ ನೇಯ್ತಿದಾರೆ?" ಎಂದ. ಆಟ ಗೊತ್ತಿಲ್ಲದ ಅಪ್ಪನಿಗೆ ಕಾಲು ಗಂಟೆಯಲ್ಲಿ ತಿಳಿದದ್ದು ಮಧ್ಯಾಹ್ನ ಎದುರಾಗಲಿದ್ದ, ನಮ್ಮ ಜಿಲ್ಲಾ ಕೇಂದ್ರ ದುರ್ಗದ ಟೀಮಿಗೆ ತಿಳಿಯದೆ ಇದ್ದೀತೇ ಎಂದುಕೊಂಡೆ.

ಮಧ್ಯಾಹ್ನದ ಕೊನೆಯ ಆಟ ದುರ್ಗದವರ ಮೇಲೆ. ಮೊದಲರ್ಧ ಅವರು ಕಕ್ಕಾಬಿಕ್ಕಿಯಾದರು. ಐದೂ ಜನ ಒಂದೇ ಬದಿಯಲ್ಲಿ ಒತ್ತೊತ್ತಾಗಿ ಬರುವುದನ್ನು ಅವರು ಎಲ್ಲೂ ನೋಡಿರಲಿಲ್ಲ. ಯಾರನ್ನು ಹಿಡಿಯಬೇಕೆಂದು ಗೊತ್ತಾಗದೆ ತಮ್ಮ ತಮ್ಮವರನ್ನೇ ಡಿಕ್ಕಿ ಹೊಡೆದರು. ಬಾಷಾ ಭಾಯಿಗೆ ಇವತ್ತಿಗೂ ಇಷ್ಟದ ಗಳಿಗೆ ಅದು. ದುರ್ಗದವನೊಬ್ಬ ಬಲಗಡೆಯಲ್ಲಿ ಕೈಯಗಲಿಸಿ ಕಾವಲು ನಿಂತು, ನಾಲ್ಕು ನಿಮಿಷ ಯಾರೂ ಬರದೆ, ಕೊನೆಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಸುತ್ತಮುತ್ತ ನೋಡಿದನಂತೆ.

ಎರಡನೆಯ ಅರ್ಧದಲ್ಲಿ ದುರ್ಗದವರು ಎಚ್ಚೆತ್ತರು. ಐದೂ ಜನ ಎಡಗಡೆಗೆ ಬಂದು ಗೋಡೆ ಕಟ್ಟಿದರು. ನಮ್ಮವರಿಗೆ ದಾರಿ ಮುಚ್ಚಿತು. ಒಂದೊಂದಾಗಿ ಪಾಯಿಂಟುಗಳು ಕರಗಿ, ಸಮವಾಗಿ, ಕೊನೆಗೆ ನಾವು ಒಂದು ಪಾಯಿಂಟು ಹಿಂದೆ ಬಿದ್ದೆವು. ನಮ್ಮ ಮನೆಯವರು ಬಲಗಡೆಯ ಗೆರೆಯ ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಹಾರನ್ ಕೇಳಿಸಿತು. ಲಾರಿ ಲೋಡಾಗಿ ಬಂದು ನಿಂತಿತ್ತು. ಹಾರನ್ ನಿಲ್ಲಲಿಲ್ಲ. ಎಲ್ಲರೂ ಆಟದಲ್ಲಿದ್ದರು. ನಾನೇ ಎದ್ದು ಹೋದೆ.

"ಅಕ್ಕಾ, ಹತ್ತಿಸ್ರಿ ಎಲ್ರನೂ. ಗಿರಣಿ ಮುಚ್ಚೋದ್ರೊಳಗೆ ಇಳಿಸ್ಬೇಕು" ಎಂದ ಹನುಮಂತಪ್ಪ. ಇಂಜಿನ್ ಗಡಗಡ ಎನ್ನುತ್ತಿತ್ತು. ನಿಲ್ಲಿಸಪ್ಪ ಎಂದೆ. ನಿಲ್ಲಿಸಿದರೆ ಮತ್ತೆ ಚಾಲು ಆಗಲು ಹತ್ತು ಜನ ತಳ್ಳಬೇಕಂತೆ, ಲೋಡಿನ ಲಾರಿ.

"ಎರಡು ನಿಮಿಷ ಐತೆ. ತಡ್ಕೊಳ್ಳಪ್ಪ."

"ಬೆಳಿಗ್ಗೆನೂ ಎರಡು ನಿಮಿಷ ಅಂದು ಅರ್ಧ ಗಂಟೆ ಮಾಡಿದ್ರಿ. ನಾ ಹೊರಟೆ, ಬಸ್ಸಿಗೆ ಬರ್ರಿ."

ಗೇರು ಹಾಕಿದ ಸದ್ದಾಯಿತು. ನನಗೆ ಏನು ತೋಚಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿಯ ಮುಂದೆ ಹೋಗಿ ನಿಂತುಬಿಟ್ಟೆ. ನಮ್ಮೂರಿನ ರಸ್ತೆ, ನಾಲ್ಕೂ ಕಡೆ ನನ್ನನ್ನು ಚಿಕ್ಕಂದಿನಿಂದ ನೋಡಿದ ಜನ. ಹನುಮಂತಪ್ಪ ತಲೆ ಹೊರಗೆ ಹಾಕಿ, "ಅಕ್ಕಾ, ಸರೀರಿ" ಎನ್ನುತ್ತಿದ್ದ. ನಾನು ಕಣ್ಣು ಮುಚ್ಚಿ ನಿಂತೆ. ರೇಡಿಯೇಟರಿನ ಬಿಸಿ ಬೆನ್ನಿಗೆ ತಾಗುತ್ತಿತ್ತು. ಇಂಜಿನ್ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರೆ ಅಂಗಳದಿಂದ ಜನ ಓಡಿ ಬರುತ್ತಿದ್ದರು, ಮುಂದುಗಡೆ ಬಾಷಾ ಭಾಯಿ ಪಂಪನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು.

ಒಂದು ಪಾಯಿಂಟಿನಿಂದ ಗೆದ್ದಿದ್ದೆವು. ಓಬಳೇಶ ಬಲಗಡೆಯಿಂದ ಹೋಗಿ ಹಾಕಿದ್ದ.

ವಾಪಸ್ಸು ಬರುವಾಗ ಎಲ್ಲರೂ ಶೇಂಗಾ ಚೀಲಗಳ ಮೇಲೆ ಕುಳಿತೆವು. ನಾಳೆ ಅವೇ ಕಾಯಿ ಅಂಗಳಕ್ಕೆ ಬೀಳುವವು, ಮತ್ತೆ ಬಲಗಡೆ ಮುಚ್ಚುವುದು ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಆ ಟೀಮು ಇನ್ನೆರಡು ವರ್ಷ ಆಡಿತು. ಹೆಸರು ಬದಲಾಗಲಿಲ್ಲ. ಆದರೆ ಆಮೇಲೆ ಶೇಂಗಾ ಟೀಮು ಎಂದಾಗ ಹುಡುಗರು ತಲೆ ತಗ್ಗಿಸುತ್ತಿರಲಿಲ್ಲ.

ನಮ್ಮ ಮನೆಯವರು ನನಗೆ ಆ ಕೊನೆಯ ಎರಡು ನಿಮಿಷ ಹೇಳುತ್ತಿದ್ದದ್ದು ಹೀಗೆ: ಚೆಂಡು ತಿಪ್ಪೇಸ್ವಾಮಿಗೆ ಬಂತು, ಇನ್ನೊಬ್ಬ ತಿಪ್ಪೇಸ್ವಾಮಿಗೆ ಹೋಯಿತು, ದುರ್ಗದವರು ಅಡ್ಡ ನಿಂತರು, ಆಗ ಓಬಳೇಶ ಬಲಗಡೆ ಖಾಲಿ ಇರುವುದನ್ನು ತಾನೇ ನೋಡಿಕೊಂಡ, ತುದಿಗಾಲಲ್ಲಿ ಹೋದ, ಹಾಕಿದ. "ತುದಿಗಾಲಲ್ಲಿ ಕಣೆ, ಆಗಲೂ" ಎಂದು ನಗುವರು. ಕಥೆ ಅಲ್ಲಿಗೆ ಮುಗಿಯುತ್ತಿತ್ತು, ನಾನು ಮುಗಿಯಲು ಬಿಟ್ಟರೆ.

ಅವರು ತೀರಿಕೊಂಡ ಹನ್ನೊಂದನೆಯ ದಿನ ಊಟವಾದ ಮೇಲೆ ಚಪ್ಪರದ ಕೆಳಗೆ ಜಮಖಾನ ಹಾಸಿತ್ತು. ನೆಂಟರು ಒಳಗೆ ಮಲಗಿದ್ದರು. ಹೊರಗೆ ಬಾಷಾ ಭಾಯಿ, ಚನ್ನಬಸಣ್ಣ, ಈಗ ಬಸ್ ಕಂಡಕ್ಟರ್ ಆಗಿರುವ ಓಬಳೇಶ ಕುಳಿತಿದ್ದರು. ನಾನು ಎಲೆಅಡಿಕೆ ತಟ್ಟೆ ಇಡಲು ಹೋದೆ. ಸುಮ್ಮನೆ ಇರಲಾರದೆ, "ನಿಮಗೆಲ್ಲ ಆ ಮೊಳಕಾಲ್ಮೂರಿನ ಆಟದಾಗೆ ಯಾವುದು ಚೆಂದ ಅನ್ನಿಸ್ತು?" ಎಂದು ಕೇಳಿದೆ. ಅವರ ಮುಖ ಸಡಿಲವಾಯಿತು.

"ದುರ್ಗದೋನು ಸೊಂಟದ ಮೇಲೆ ಕೈ ಇಟ್ಕೊಂಡಿದ್ದು ಬಿಟ್ರೆ, ಭಾಯಿ ಕೂಗಿದ್ದು" ಎಂದರು ಬಾಷಾ ಭಾಯಿ.

"ಯಾವ ಭಾಯಿ?"

"ನಮ್ಮ ಭಾಯಿನೇ, ಭಾಭಿ. ನಿಮ್ಮನೆಯವ್ರು."

ನನಗೆ ಅರ್ಥವಾಗಲಿಲ್ಲ. ಏನು ಕೂಗಿದರು ಎಂದೆ.

"ಪೊರಕೆ ಬಿಸಾಕಿ, 'ಕಾಯಿ ಎತ್ತೀನಿ, ಬರ್ರಲೇ ಈ ಕಡೆ' ಅಂದ್ರು. ಆ ದನಿಗೆ ಪೂರಾ ಗ್ರೌಂಡು ತಿರುಗಿ ನೋಡ್ತು."

"ಲೇ ಬಾಷಾ, ನಿನ್ ಕಿವಿಗೂ ಒಂದು ಸಲ ಪಂಪು ಹೊಡ್ಕ" ಎಂದರು ಚನ್ನಬಸಣ್ಣ. "ಅಷ್ಟುದ್ದ ಎಲ್ಲಿ ಅಂದ? 'ಒಣಗ್ಯಾವೆ, ತುಳೀರಿ' ಅಂದ. ಎರಡೇ ಮಾತು. ನಾನು ಪಕ್ಕದಾಗೆ ನಿಂತಿದ್ದೆ, ನನ್ ಕೈಯಾಗಿನ ಚಹಾ ಚೆಲ್ಲಿತು."

"ಚಹಾ ಚೆಲ್ಲಿದ್ದು ನೀನು ಕುಣಿದಿದ್ದಕ್ಕೆ."

"ಕುಣಿದಿದ್ದು ಆಮೇಲೆ ಕಣೋ."

ಅವರು ಹೀಗೆ ಸ್ವಲ್ಪ ಹೊತ್ತು ಜಗಳವಾಡಿದರು. ನಾನು ಓಬಳೇಶನ ಕಡೆ ನೋಡಿದೆ. ಅವನು ತೂಗಿ ನೋಡಿ ಮಾತಾಡುವವನು.

"ಮಾತು ನನಗೆ ಕೇಳಿಸ್ಲಿಲ್ಲಕ್ಕ. ಏದುಸಿರು ಬಿಡ್ತಿದ್ದೆ. ದನಿ ಅಷ್ಟೇ ಕೇಳಿಸ್ತು. ದಿನಾ ಅವ್ರ ಜತೆ ರಾಶಿ ಮಾಡೀನಿ, ಅಂಥ ದನಿ ಯಾವತ್ತೂ ಕೇಳಿರ್ಲಿಲ್ಲ. ಯಾರಿಗೋ ಏನೋ ಆಯ್ತು ಅಂತ ಹೆದರಿ ತಿರುಗಿದೆ. ಅವ್ರು ನಿಂತಿದ್ರು. ಅವ್ರ ಮುಂದೆ ನೆಲ ಖಾಲಿ ಇತ್ತು. ಅದಕ್ಕೇ ಹೋದೆ." ತಟ್ಟೆಯಿಂದ ಎಲೆ ಎತ್ತಿಕೊಳ್ಳುತ್ತಾ, "ಇದನ್ನ ನಿಮಗೆ ಅವ್ರು ಹೇಳಿಲ್ವಾ?" ಎಂದು ಕೇಳಿದ.

ಹೇಳಿದ್ದರು ಎಂದೆ. ಏಕೆ ಸುಳ್ಳು ಹೇಳಿದೆನೋ.

ಮೂವರೂ ಎದ್ದು ಹೋದ ಮೇಲೆ ಲೆಕ್ಕ ಹಾಕಿದೆ. ನಮ್ಮ ಮನೆಯವರು ನೂರು ಸಲ ಹೇಳಿರಬಹುದು ಆ ಕಥೆಯನ್ನು. ಒಂದು ಸಲವೂ ತಮ್ಮನ್ನು ಅದರೊಳಗೆ ಸೇರಿಸಿಕೊಂಡಿರಲಿಲ್ಲ. ನಾಚಿಕೆಯೋ, ಓಬಳೇಶನದ್ದೇ ಆಗಿರಲಿ ಎಂದೋ, ಬಲಗಡೆಯನ್ನು ಮುಚ್ಚಿದವನು ತಾನು, ತೆರೆದದ್ದರಲ್ಲಿ ಹೆಚ್ಚುಗಾರಿಕೆ ಏನು ಎಂದುಕೊಂಡರೋ. ಮಾತಿನ ಬಗ್ಗೆ ಬಾಷಾ ಭಾಯಿ ಮತ್ತು ಚನ್ನಬಸಣ್ಣ ಈಗಲೂ ಒಪ್ಪಂದಕ್ಕೆ ಬಂದಿಲ್ಲ. ನನಗೆ ಯಾವುದಾದರೂ ಸರಿ. ಎರಡೂ ಅವರು ಆಡುವಂಥ ಮಾತುಗಳೇ.

ಕಷ್ಟವಾಗುತ್ತಿರುವುದು ಬೇರೆ. ಮನೆಯಲ್ಲಿ ಅವರು ದನಿ ಎತ್ತಿದವರಲ್ಲ. ನಾನು ಅಡುಗೆಮನೆಯಲ್ಲಿದ್ದು ಅವರಿಗೆ ನೀರು ಬೇಕಾದರೆ ಎದ್ದು ಬಾಗಿಲ ತನಕ ಬಂದು ಹೇಳುವರು. ಬಾಗಿಲು ಹಾಕಿದ್ದರೆ ಹೊರಗೆ ನಿಂತು ಚಿಲಕ ಅಲ್ಲಾಡಿಸುವರು. ಆ ಆಟವನ್ನು ಈಗ ಕಣ್ಣು ಮುಚ್ಚಿ ಪೂರ್ತಿ ನೋಡಲು ಕೂರುತ್ತೇನೆ. ದುರ್ಗದವರು ಬರುತ್ತಾರೆ, ತಿಪ್ಪೇಸ್ವಾಮಿಗಳು ಬರುತ್ತಾರೆ, ಅಪ್ಪ ಪಕ್ಕದಲ್ಲಿ ನಿಂತಿರುತ್ತಾನೆ. ಕೂಗುವ ಗಳಿಗೆ ಬಂದಾಗ ಅವರ ಬಾಯಿ ತೆರೆಯುತ್ತದೆ. ದನಿ ಮಾತ್ರ ಹನುಮಂತಪ್ಪನದೋ, ಚನ್ನಬಸಣ್ಣನದೋ ಬರುತ್ತದೆ.

ಹದಿನೆಂಟು ವರ್ಷ ಅವರ ಜೊತೆ ಇದ್ದೆ. ಅವರು ಕೂಗಿದ್ದನ್ನು ನಾನು ಕೇಳಿಲ್ಲ.